ಗಲ್ಲಿಯಲ್ಲಿ ಕೆಮ್ಮುತ್ತಾ ಕೂತವನು ಮತ್ತು ನಮ್ಮ ಥೀಸಿಸ್‌ನ ಮೆಥಡ್

ದೇವಜ್ಞಾನ, ಅಂದ್ರೆ ಥಿಯಾಲಜಿ, ಓದೋ ಮಕ್ಕಳ ಥೀಸಿಸ್‌ಗೆ ಗೈಡ್ ಆಗಿರೋದು ನನ್ನ ಕೆಲಸ. ಎರಡು ವರ್ಷದ ಹಿಂದೆ ಹುಬ್ಬಳ್ಳಿ ಕಡೆಯ ಒಬ್ಬ ವಿದ್ಯಾರ್ಥಿನಿ ಪ್ರಪೋಸಲ್ ಹಿಡ್ಕೊಂಡು ಬಂದ್ಲು, ವಿಷಯ ಕೇಳಿದ ಕೂಡ್ಲೇ ನನಗೆ ಇಷ್ಟ ಆಯ್ತು: ಭಾನುವಾರ ಆರಾಧನೆಯಲ್ಲಿ ಕೇಳೋ ಪ್ರಸಂಗ ಜನರನ್ನ ನಿಜವಾಗ್ಲೂ ಇನ್ನೊಬ್ಬರ ಕಷ್ಟಕ್ಕೆ ನಿಲ್ಲೋ ಹಾಗೆ ಮಾಡುತ್ತಾ ಇಲ್ವಾ ಅಂತ ನೋಡೋದು. ಆದ್ರೆ ಮೆಥಡಾಲಜಿ ಅಂತ ಬರೆದಿದ್ದ ಪೇಜಿಗೆ ಬಂದಾಗ ಪೆನ್ನು ಕೆಳಗಿಟ್ಟೆ. ಒಂದು ಭಾನುವಾರ ಒಳ್ಳೆಯ ಸಮಾರ್ಯದವನ ಸಾಮ್ಯದ ಮೇಲೆ (ದಾರೀಲಿ ಬಿದ್ದವನಿಗೆ ನಿಂತು ಸಹಾಯ ಮಾಡಿದವನ ಬಗ್ಗೆ ಯೇಸು ಹೇಳಿದ ಕಥೆ) ಪ್ರಸಂಗ, ಇನ್ನೊಂದು ಭಾನುವಾರ ಬೇರೆ ಯಾವುದಾದ್ರೂ ವಿಷಯ, ಎರಡೂ ದಿನ ಆರಾಧನೆ ಮುಗಿಯೋ ಹೊತ್ತಿಗೆ ಗೇಟಿನ ಹತ್ರ ಒಬ್ಬ ಹುಡುಗ ತಲೆ ತಿರುಗಿ ಬಿದ್ದವನ ಹಾಗೆ ಬಿದ್ದಿರ್ತಾನೆ, ಯಾರು ನಿಲ್ತಾರೆ ಯಾರು ದಾಟ್ಕೊಂಡು ಹೋಗ್ತಾರೆ ಅಂತ ಎದುರಿನ ಅಂಗಡಿ ಕಟ್ಟೆ ಮೇಲೆ ಕೂತು ಇವಳು ಟಿಕ್ ಹಾಕ್ಕೊಳ್ತಾಳೆ.

"ಇದು ನಿಂದೇ ಐಡಿಯಾನಾ?" ಅಂದೆ.

"ಇಲ್ಲ ಸರ್, ಅಮೆರಿಕದ ಪ್ರಿನ್ಸ್‌ಟನ್‌ದು. ಅದನ್ನೇ ನಮ್ಮ ಚರ್ಚಿನ ಸಭೆಗೆ ಹೊಂದಿಸಿದೀನಿ."

ನನಗೆ ಗೊತ್ತಿತ್ತು. ಪ್ರಸಂಗ ಮಾಡೋರ ಬಾಯಲ್ಲಿ ಈ ಪ್ರಿನ್ಸ್‌ಟನ್ ಪ್ರಯೋಗ ಎಷ್ಟು ಸಲ ಬಂದಿದೆ ಅಂದ್ರೆ ನಾನೂ ಎರಡು ಮೂರು ಸಲ ಪುಲ್ಪಿಟ್ ಮೇಲಿಂದ ಹೇಳಿದೀನಿ, ಸಮಾರ್ಯದವನ ಬಗ್ಗೆ ಭಾಷಣ ಮಾಡೋಕೆ ಹೊರಟ ಸೆಮಿನರಿ (ಪಾಸ್ಟರ್ ಆಗೋರು ಓದೋ ಕಾಲೇಜು) ಹುಡುಗರೇ ಬಿದ್ದವನನ್ನ ದಾಟಿ ಹೋದ್ರು ನೋಡಿ ಅಂತ. ಆದ್ರೆ ಮೂಲ ಪೇಪರನ್ನ ಸಾವಧಾನವಾಗಿ ಕೂತು ಓದಿದ್ದು ಇವಳ ಪ್ರಪೋಸಲ್ ಬಂದ ಮೇಲೇನೇ. ಓದಿದ ಮೇಲೆ ನಾನು ಹೇಳ್ತಿದ್ದ ಕಥೆಗೂ ಅಲ್ಲಿರೋದಕ್ಕೂ ಸುಮಾರು ವ್ಯತ್ಯಾಸ ಕಾಣಿಸ್ತು, ಮೆಥಡ್ ಆರಿಸೋ ಪ್ರಶ್ನೆ ಅಲ್ಲೇ ಅಡಗಿ ಕೂತಿದೆ ಅನ್ನೋದೂ ಕಾಣಿಸ್ತು. ಅದಕ್ಕೇ ಇಡೀ ಪ್ರಕರಣವನ್ನ ಮೊದಲಿಂದ ಬರೀತಿದೀನಿ.

ಪ್ರಯೋಗ ನಡೆದಿದ್ದು 1970ರ ಡಿಸೆಂಬರ್‌ನಲ್ಲಿ, ಮೂರು ದಿನ. ಮಾಡಿದವರು ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್. ಡಾರ್ಲಿ ಮನಶ್ಶಾಸ್ತ್ರದವರು, ಯಾರಾದ್ರೂ ಕಷ್ಟದಲ್ಲಿದ್ದಾಗ ಸುತ್ತ ನಿಂತಿರೋ ಜನ ಯಾಕೆ ಸುಮ್ಮನಿರ್ತಾರೆ ಅನ್ನೋದರ ಮೇಲೆ ಆಗಲೇ ಬಿಬ್ ಲಟಾನೆ ಜೊತೆ ಕೆಲಸ ಮಾಡಿ ಹೆಸರು ಮಾಡಿದ್ರು. ಬ್ಯಾಟ್ಸನ್ ವಿಷಯ ಇನ್ನೂ ಸ್ವಾರಸ್ಯ, ಅವರು ಪ್ರಿನ್ಸ್‌ಟನ್ ಥಿಯಾಲಾಜಿಕಲ್ ಸೆಮಿನರಿಯಲ್ಲೇ ದೇವಜ್ಞಾನ ಓದಿ, ಆಮೇಲೆ ಪ್ರಿನ್ಸ್‌ಟನ್ ಯೂನಿವರ್ಸಿಟಿಯಲ್ಲಿ ಮನಶ್ಶಾಸ್ತ್ರದಲ್ಲೂ ಡಾಕ್ಟರೇಟ್ ತಗೊಂಡವರು. ಸೆಮಿನರಿ ಬೇರೆ, ಯೂನಿವರ್ಸಿಟಿ ಬೇರೆ, ಊರು ಒಂದೇ. ಅಂದ್ರೆ ಹೊರಗಿಂದ ಬಂದ ಯಾರೋ ಧರ್ಮದವರನ್ನ ಪರೀಕ್ಷೆಗೆ ಹಚ್ಚಿದ್ದಲ್ಲ ಇದು, ಆ ಬೆಂಚುಗಳ ಮೇಲೆ ಕೂತು ಓದಿದ್ದವರೇ ತಮ್ಮ ತಮ್ಮಂದಿರನ್ನ ಕರೆದು ಮಾಡಿದ್ದು.

ಲೂಕ 10ನೇ ಅಧ್ಯಾಯದ ಸಾಮ್ಯವನ್ನ ಅವರು ಒಂದು ಊಹೆಯ ಹಾಗೆ ಓದಿದ್ರು. ಯೆರೂಸಲೇಮಿಂದ ಯೆರಿಕೋಗೆ ಇಳಿಯೋ ದಾರೀಲಿ ಕಳ್ಳರು ಹೊಡೆದು ಬಿಟ್ಟು ಹೋದ ಮನುಷ್ಯ, ಯಾಜಕ ನೋಡಿ ಪಕ್ಕಕ್ಕೆ ಸರಿದು ಹೋದ, ದೇವಾಲಯದ ಸೇವೆ ಮಾಡೋ ಲೇವಿಯನೂ ಹಾಗೇ ಹೋದ, ಸಮಾರ್ಯದವನು ನಿಂತ. ಯಾಜಕ ಲೇವಿ ಇಬ್ಬರೂ ದೇವರ ಕೆಲಸದ ಯೋಚನೆಯಲ್ಲೇ ಇದ್ದವರು ಮತ್ತೆ ಬಿಡುವಿಲ್ಲದವರು ಅಂತ ಊಹಿಸಬಹುದಲ್ವಾ, ಹಾಗಿದ್ರೆ ತಲೇಲಿ ಏನಿದೆ ಅನ್ನೋದು ಮುಖ್ಯಾನೋ, ಅವಸರ ಎಷ್ಟಿದೆ ಅನ್ನೋದು ಮುಖ್ಯಾನೋ, ಅಥವಾ ಮನುಷ್ಯ ಯಾವ ಬಗೆಯ ಭಕ್ತ ಅನ್ನೋದು ಮುಖ್ಯಾನೋ. ಇಷ್ಟೇ ಅವರ ಪ್ರಶ್ನೆ.

ಹುಡುಗರಿಗೆ ಹೇಳಿದ್ದು ಬೇರೆ. ಧಾರ್ಮಿಕ ಶಿಕ್ಷಣ ಮತ್ತು ಕೆಲಸದ ಬಗ್ಗೆ ಒಂದು ಅಧ್ಯಯನ ಅಂತ ಹೇಳಿ ಮೊದಲು ಪ್ರಶ್ನಾವಳಿ ತುಂಬಿಸಿದ್ರು. ಎರಡನೇ ಸಲ ಒಬ್ಬೊಬ್ಬರನ್ನೇ ಕರೆದು ಮೂರರಿಂದ ಐದು ನಿಮಿಷದ ಒಂದು ಭಾಷಣಕ್ಕೆ ತಯಾರಾಗೋಕೆ ಹೇಳಿದ್ರು, ಅರ್ಧ ಜನಕ್ಕೆ ಸೆಮಿನರಿ ಓದಿದವರಿಗೆ ಯಾವ ಕೆಲಸ ಒಪ್ಪುತ್ತೆ ಅನ್ನೋ ವಿಷಯ, ಇನ್ನರ್ಧ ಜನಕ್ಕೆ ಸಮಾರ್ಯದವನ ಸಾಮ್ಯ. ಇಲ್ಲಿ ಜಾಗ ಇಲ್ಲ, ರೆಕಾರ್ಡಿಂಗ್ ಆ ಕಡೆ ಬಿಲ್ಡಿಂಗಲ್ಲಿ ಅಂತ ನಕ್ಷೆ ಕೊಟ್ಟು ಕಳಿಸಿದ್ರು. ಕಳಿಸೋವಾಗ ಕೆಲವರಿಗೆ ಇನ್ನೂ ಸ್ವಲ್ಪ ಟೈಮ್ ಇದೆ ಆದ್ರೂ ಹೊರಡಿ ಅಂತ, ಕೆಲವರಿಗೆ ಅವರು ರೆಡಿ ಇದಾರೆ ಹೋಗಿ ಅಂತ, ಕೆಲವರಿಗೆ ಅಯ್ಯೋ ಲೇಟಾಯ್ತು, ಅವರು ಆಗಲೇ ಕಾಯ್ತಿದಾರೆ, ಬೇಗ ಬೇಗ ಅಂತ.

ನಡುವೆ ಒಂದು ಗಲ್ಲಿ. ಡಿಸೆಂಬರ್ ಚಳಿ. ಗಲ್ಲಿಯ ಒಂದು ಬಾಗಿಲಲ್ಲಿ ಒಬ್ಬ ಮನುಷ್ಯ ಕುಸಿದು ಕೂತಿದಾನೆ, ತಲೆ ಕೆಳಗೆ, ಕಣ್ಣು ಮುಚ್ಚಿದೆ, ಅಲ್ಲಾಡ್ತಿಲ್ಲ. ಹತ್ರ ಬಂದಾಗ ಎರಡು ಸಲ ಕೆಮ್ಮಿ ನರಳ್ತಾನೆ. ಯಾರಾದ್ರೂ ನಿಂತು ಕೇಳಿದ್ರೆ, ಪರವಾಗಿಲ್ಲ, ಉಸಿರಿನ ತೊಂದರೆ ಇದೆ, ಡಾಕ್ಟರು ಕೊಟ್ಟ ಮಾತ್ರೆ ಈಗಷ್ಟೇ ತಗೊಂಡೆ, ಸ್ವಲ್ಪ ಹೊತ್ತು ಕೂತ್ರೆ ಸರಿ ಹೋಗುತ್ತೆ ಅಂತಾನೆ. ಅವನು ಪ್ರಯೋಗದವರ ಕಡೆಯವನೇ, ಯಾರು ಏನು ಮಾಡಿದ್ರು ಅಂತ ಸೊನ್ನೆಯಿಂದ ಐದರವರೆಗೆ ಅಂಕ ಹಾಕೋನೂ ಅವನೇ. ಗಮನಿಸಲೇ ಇಲ್ಲ ಅಂತ ಅನಿಸಿದ್ರೆ ಸೊನ್ನೆ, ಕಂಡೂ ಹೋದ್ರೆ ಒಂದು, ನಿಲ್ಲದಿದ್ರೂ ಮುಂದೆ ಹೋಗಿ ಅಲ್ಲಿರೋರಿಗೆ ತಿಳಿಸಿದ್ರೆ ಎರಡು, ನಿಂತು ಕೇಳಿದ್ರೆ ಮೂರು, ಒಳಗೆ ಕರ್ಕೊಂಡು ಹೋಗಿ ಬಿಟ್ರೆ ನಾಲ್ಕು, ಬಿಟ್ಟು ಹೋಗಲ್ಲ ಅಂತ ಜೊತೆಗೇ ನಿಂತ್ರೆ ಐದು.

47 ಜನ ಬಂದಿದ್ರು, ಏಳು ಜನರ ಲೆಕ್ಕ ಬಿಟ್ರು, ಅದರಲ್ಲಿ ನಾಲ್ಕು ಜನರದ್ದು ಯಾಕೆ ಬಿಟ್ರು ಅಂದ್ರೆ ಇದೇನೋ ನಾಟಕ ಅಂತ ಅವರಿಗೆ ಅನುಮಾನ ಬಂದಿತ್ತು. ಉಳಿದ 40ರಲ್ಲಿ ಯಾವುದಾದ್ರೂ ರೀತಿ ಸಹಾಯ ಮಾಡಿದವರು 16. ಸಮಯ ಇದ್ದ 8 ಜನರಲ್ಲಿ 5, ಮಧ್ಯಮ ಅವಸರದ 22ರಲ್ಲಿ 10, ಓಡಬೇಕಿದ್ದ 10 ಜನರಲ್ಲಿ ಒಬ್ಬನೇ ಒಬ್ಬ. ಸಮಾರ್ಯದವನ ಬಗ್ಗೆ ಮಾತಾಡೋಕೆ ಅವಸರದಲ್ಲಿ ಹೊರಟವರು ಕೆಲವು ಸಲ ಆ ಮನುಷ್ಯನನ್ನ ಅಕ್ಷರಶಃ ಮೇಲಿಂದ ದಾಟಿ ಹೋದ್ರು ಅಂತ ಪೇಪರಲ್ಲೇ ಇದೆ. ಭಕ್ತಿಯ ಬಗೆ ಅಂತ ಪ್ರಶ್ನಾವಳಿಯಿಂದ ತೆಗೆದ ಲೆಕ್ಕ ಯಾರು ನಿಲ್ತಾರೆ ಅಂತ ಹೇಳೋಕೆ ಕೆಲಸಕ್ಕೆ ಬರಲಿಲ್ಲ. 1973ರಲ್ಲಿ ಪ್ರಕಟ ಆಯ್ತು.

ಪುಲ್ಪಿಟ್ ಕಥೆ ಇಲ್ಲಿಗೆ ಮುಗಿಯುತ್ತೆ. ನಾನೂ ಇಲ್ಲಿಗೇ ಮುಗಿಸ್ತಿದ್ದೆ. ಮತ್ತೆ ಒಂದು ತಪ್ಪನ್ನೂ ಹೇಳ್ತಿದ್ದೆ, ಸಾಮ್ಯ ಓದಿದ್ದರಿಂದ ಏನೂ ಪ್ರಯೋಜನ ಆಗಲಿಲ್ಲ ಅಂತ. ಅಂಕಿ ಹಾಗೆ ಹೇಳಲ್ಲ. ಸಾಮ್ಯದ ಗುಂಪಲ್ಲಿ ಸಹಾಯ ಮಾಡಿದವರು ಶೇ. 53, ಕೆಲಸದ ವಿಷಯದ ಗುಂಪಲ್ಲಿ ಶೇ. 29. ಜನ ಕಮ್ಮಿ ಇದ್ದಿದ್ದರಿಂದ ಈ ವ್ಯತ್ಯಾಸ ಆಕಸ್ಮಿಕ ಅಲ್ಲ ಅಂತ ಗಟ್ಟಿಯಾಗಿ ಹೇಳೋಕಾಗಲ್ಲ ಅಷ್ಟೇ, ವ್ಯತ್ಯಾಸವೇ ಇಲ್ಲ ಅಂತ ಅಲ್ಲ. 1975ರಲ್ಲಿ ಆಂಥೊನಿ ಗ್ರೀನ್‌ವಾಲ್ಡ್ ಇದೇ ಅಂಕಿ ತಗೊಂಡು ಬೇರೆ ಥರ ಲೆಕ್ಕ ಹಾಕಿ, ಸಾಮ್ಯದಿಂದ ಪರಿಣಾಮ ಇಲ್ಲ ಅನ್ನೋ ತೀರ್ಮಾನಕ್ಕೆ ಈ ಡೇಟಾ ಸಾಲಲ್ಲ ಅಂತ ತೋರಿಸಿದ್ರು. ವಾಕ್ಯ ಕೇಳಿದ್ದು ವ್ಯರ್ಥ ಅಂತ 40 ಜನರ ಮೇಲೆ ಭಾರ ಹಾಕಿ ಸಭೆಗೆ ಹೇಳೋದು ಸರಿಯಲ್ಲ, ನಾನು ಹೇಳಿದ್ದೂ ಸರಿಯಲ್ಲ.

ಈಗ ಮೆಥಡ್ ವಿಷಯಕ್ಕೆ ಬರ್ತೀನಿ. ಅವಳ ಪ್ರಪೋಸಲ್ ನೋಡಿದಾಗ ನನ್ನ ಮನಸ್ಸಿಗೆ ಮೊದಲು ಬಂದಿದ್ದು ಸುಳ್ಳಿನ ಪ್ರಶ್ನೆ, ಎಲ್ಲರಿಗೂ ಮೊದಲು ಬರೋದು ಅದೇ. ಪ್ರಯೋಗದವರು ಲೇಟಾಯ್ತು ಅಂತ ಹೇಳಿದ್ದು ಸುಳ್ಳು, ಗಲ್ಲಿಯವನ ಕೆಮ್ಮು ಬಾಯಿಬಿಟ್ಟು ಹೇಳದೇ ಇರೋ ಸುಳ್ಳು. ಯುಧಿಷ್ಠಿರ ಅಶ್ವತ್ಥಾಮ ಸತ್ತ ಅಂತ ಗಟ್ಟಿಯಾಗಿ ಹೇಳಿ ಆನೆ ಅನ್ನೋದನ್ನ ಮೆತ್ತಗೆ ಹೇಳಿದ ಕೂಡ್ಲೇ ಅವನ ರಥ ನೆಲಕ್ಕಿಳೀತು ಅನ್ನೋ ಕಥೆ ಕೇಳಿ ಬೆಳೆದವರು ನಾವು, ಬಾಯಲ್ಲಿ ಹೇಳಿಲ್ವಲ್ಲ ಅನ್ನೋ ಸಮಾಧಾನ ನಮ್ಮ ಹತ್ರ ನಡೆಯಲ್ಲ.

ಕ್ರೈಸ್ತ ಪರಂಪರೆಯಲ್ಲಿ ಈ ಪ್ರಶ್ನೆಗೆ ತುಂಬಾ ಹಳೇ ಉತ್ತರ ಇದೆ. ಸುಮಾರು 420ರಲ್ಲಿ ಕನ್ಸೆಂಷಿಯಸ್ ಅನ್ನೋವರು ಬಿಷಪ್ ಆಗಿದ್ದ ದೇವಜ್ಞಾನಿ ಆಗಸ್ಟಿನ್‌ಗೆ ಒಂದು ಉಪಾಯ ಬರೆದು ಕಳಿಸಿದ್ರು. ಸ್ಪೇನ್‌ನಲ್ಲಿ ಸಭೆ ತಪ್ಪು ಬೋಧನೆ ಅಂತ ತಳ್ಳಿದ್ದ ಪ್ರಿಸಿಲಿಯನ್ ಪಂಥದವರು ತಮ್ಮ ನಂಬಿಕೆ ಮುಚ್ಚಿಟ್ಕೊಂಡು ಸಭೆಯೊಳಗೇ ಇದಾರೆ, ನಮ್ಮವರು ಕೆಲವರು ಅವರ ಪಂಥದವರ ಹಾಗೇ ನಟಿಸಿ ಒಳಗೆ ಹೋಗಿ ಅವರನ್ನ ಪತ್ತೆ ಮಾಡಿದ್ರೆ ಹೇಗೆ ಅಂತ. ಇವತ್ತಿನ ಮಾತಲ್ಲಿ ಹೇಳೋದಾದ್ರೆ ಗುರುತು ಮುಚ್ಚಿಟ್ಟು ಮಾಡೋ ಫೀಲ್ಡ್‌ವರ್ಕ್. ಆಗಸ್ಟಿನ್ ಅದಕ್ಕೆ ಒಂದು ಇಡೀ ಗ್ರಂಥವನ್ನೇ ಉತ್ತರವಾಗಿ ಬರೆದು ಬೇಡ ಅಂದ್ರು, ಸುಳ್ಳನ್ನ ಹಿಡಿಯೋಕೆ ಸುಳ್ಳು ಹೇಳೋ ಹಾಗಿಲ್ಲ ಅನ್ನೋದು ಅವರ ವಾದ. ದೇವಜ್ಞಾನಿ ಥಾಮಸ್ ಅಕ್ವಿನಾಸ್ ಆಮೇಲೆ ಸುಳ್ಳುಗಳಲ್ಲೇ ದರ್ಜೆ ಮಾಡಿದ್ರು, ಒಬ್ಬರಿಗೆ ಒಳ್ಳೇದಾಗಲಿ ಅಂತ ಹೇಳಿದ್ದು ಹಗುರ, ಕೇಡು ಮಾಡೋಕೆ ಹೇಳಿದ್ದು ಭಾರ, ಆದ್ರೆ ಎಲ್ಲವೂ ಪಾಪವೇ ಅಂತ. ಇದನ್ನೆಲ್ಲ ಹಾಗೇ ತಂದು ಮೇಜಿನ ಮೇಲಿಟ್ರೆ ಪ್ರಿನ್ಸ್‌ಟನ್ ಪ್ರಯೋಗ ಮಾಡೋ ಹಾಗೇ ಇರಲಿಲ್ಲ. ಮಾತು ಅಲ್ಲಿಗೇ ಮುಗೀತು ಅಂತ ಅನ್ನಬಹುದಿತ್ತು, ಆದ್ರೆ ನನಗೆ ಅಷ್ಟು ಸುಲಭ ಅನಿಸಲಿಲ್ಲ, ಯಾಕಂದ್ರೆ ನೀನು ಬಿದ್ದವನನ್ನ ದಾಟಿ ಹೋಗ್ತೀಯಾ ಅಂತ ಆ 40 ಜನರನ್ನ ಕೂರಿಸಿಕೊಂಡು ಕೇಳಿದ್ದಿದ್ರೆ ಒಬ್ಬನೂ ಹೌದು ಅಂತಿರಲಿಲ್ಲ, ಮತ್ತೆ ಅವರು ಸುಳ್ಳೂ ಹೇಳ್ತಿರಲಿಲ್ಲ, ಅವರಿಗೇ ಗೊತ್ತಿರಲಿಲ್ಲ ಅಷ್ಟೇ. ಆ ತಿಳುವಳಿಕೆ ಬೇರೆ ದಾರೀಲಿ ಸಿಗೋದು ನಿಜವಾಗ್ಲೂ ಕಷ್ಟ.

ಇದೇ ಪ್ರಿನ್ಸ್‌ಟನ್ ಊರಲ್ಲಿ, ಇದೇ 1970ರಲ್ಲಿ, ಯೂನಿವರ್ಸಿಟಿಯ ಧರ್ಮ ವಿಭಾಗದಲ್ಲಿದ್ದ ಮೆಥಡಿಸ್ಟ್ ಚರ್ಚಿನ ದೇವಜ್ಞಾನಿ ಪಾಲ್ ರ‍್ಯಾಮ್ಸೆ ವೈದ್ಯಕೀಯ ನೀತಿಯ ಮೇಲೆ ಒಂದು ಪುಸ್ತಕ ತಂದ್ರು. ದೇವರು ಮನುಷ್ಯನ ಜೊತೆ ಮಾಡ್ಕೊಂಡ ಒಡಂಬಡಿಕೆಯಿಂದ ಶುರು ಮಾಡ್ತಾರೆ, ಮನುಷ್ಯ ಮನುಷ್ಯನ ನಡುವೆಯೂ ಅಂಥದ್ದೇ ನಿಷ್ಠೆ ಇರಬೇಕು, ಪ್ರಯೋಗಕ್ಕೆ ಬಂದವನು ವಸ್ತುವಲ್ಲ, ಆ ಕೆಲಸದಲ್ಲಿ ಪಾಲುದಾರ, ಅವನ ಒಪ್ಪಿಗೆ ಅನ್ನೋದು ಒಂದು ಕಾಗದ ಅಲ್ಲ ಆ ನಿಷ್ಠೆಯ ರೂಪ ಅಂತ. ಎರಡು ಕೆಲಸಗಳೂ ಒಂದೇ ಊರಲ್ಲಿ ಒಂದೇ ಕಾಲಕ್ಕೆ ನಡೀತಿದ್ವು ಅಂತ ನೆನೆಸಿಕೊಂಡ್ರೆ ನನಗೆ ಏನೋ ಆಗುತ್ತೆ. ಆಮೇಲೆ 1972ರಲ್ಲಿ ಟಸ್ಕೀಗಿ ಬಯಲಾಯ್ತು, ಸಿಫಿಲಿಸ್ ಇದ್ದ ಕಪ್ಪು ಜನರಿಗೆ ಔಷಧಿ ಕೊಡದೆ 40 ವರ್ಷ ಸುಮ್ಮನೆ ನೋಡ್ತಾ ಇದ್ರು ಅನ್ನೋ ಸುದ್ದಿ, 1974ರಲ್ಲಿ ಅಮೆರಿಕದಲ್ಲಿ ಮನುಷ್ಯರ ಮೇಲಿನ ಸಂಶೋಧನೆ ಬಗ್ಗೆ ಕಾನೂನು ಬಂತು, ಆ ಕಾನೂನಿನ ಪ್ರಕಾರ ಕೂತ ಆಯೋಗದಿಂದ 1979ರಲ್ಲಿ ಬೆಲ್ಮಾಂಟ್ ವರದಿ. ಮನುಷ್ಯನಿಗೆ ಗೌರವ, ಒಳಿತು, ನ್ಯಾಯ ಅನ್ನೋ ಮೂರು ಮಾತು ಅದರಲ್ಲಿವೆ, ಇವತ್ತು ನಮ್ಮ ಕಡೆ ಸಂಶೋಧನೆಗೆ ಒಪ್ಪಿಗೆ ಕೊಡೋ ಎಥಿಕ್ಸ್ ಕಮಿಟಿ ಕೇಳೋ ಪ್ರಶ್ನೆಗಳ ಬೇರೂ ಅಲ್ಲೇ. ಆ ಆಯೋಗದಲ್ಲಿ ಮೊದಲು ಜೆಸುಯಿಟ್ ಪಾದ್ರಿ ಆಗಿದ್ದ ಆಲ್ಬರ್ಟ್ ಜಾನ್ಸೆನ್, ದೇವಜ್ಞಾನದ ನೀತಿಶಾಸ್ತ್ರ ಕಲಿಸ್ತಿದ್ದ ಕ್ಯಾರೆನ್ ಲೆಬಾಕ್ಜ್ ಇದ್ರು ಅನ್ನೋದು ಸೆಕ್ಯುಲರ್ ಕಮಿಟಿಗಳಲ್ಲಿ ಕೂರೋ ಎಷ್ಟೋ ಜನಕ್ಕೆ ಗೊತ್ತಿಲ್ಲ.

ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯೂ ವಂಚನೆಯನ್ನ ಪೂರ್ತಿ ಬೇಡ ಅನ್ನಲ್ಲ, ಕಮಿಟಿ ಒಪ್ಪಬೇಕು, ಆಮೇಲೆ ಕೂರಿಸಿ ಎಲ್ಲಾ ಹೇಳಬೇಕು ಅನ್ನುತ್ತೆ. ಪ್ರಿನ್ಸ್‌ಟನ್‌ನವರೂ ಹೇಳಿದ್ರು. ಹುಡುಗರು ವಂಚನೆ ಯಾಕೆ ಬೇಕಾಯ್ತು ಅಂತ ಅರ್ಥ ಮಾಡ್ಕೊಂಡ್ರು, ಯಾರೂ ಬೇಜಾರು ತೋರಿಸಲಿಲ್ಲ ಅಂತ ಪೇಪರಲ್ಲಿದೆ. ಇರಬಹುದು. ಆದ್ರೆ ನಾಳೆ ಪಾಸ್ಟರ್ ಆಗಬೇಕಾದ 23 ವರ್ಷದ ಹುಡುಗನಿಗೆ, ನೀನು ಸಮಾರ್ಯದವನ ಭಾಷಣ ಮಾಡೋಕೆ ಹೋಗ್ತಾ ಒಬ್ಬನನ್ನ ದಾಟಿ ಹೋದೆ ಅಂತ ಗೊತ್ತಾದ ಮೇಲೆ, ಎದುರಿಗೆ ಕೂತ ಸಂಶೋಧಕರಿಗೆ ನನಗೆ ನೋವಾಯ್ತು ಅಂತ ಹೇಳೋ ಧೈರ್ಯ ಎಷ್ಟಿರುತ್ತೆ? ನನ್ನ ವಿದ್ಯಾರ್ಥಿಗಳನ್ನ ನೋಡಿದೀನಿ, ಮಾರ್ಕ್ಸ್ ಕೊಡೋರ ಎದುರು ಅವರು ಎಲ್ಲದಕ್ಕೂ ಸರಿ ಸರ್ ಅಂತಾರೆ.

ಇದೆಲ್ಲಾ ಅವಳ ಜೊತೆ ಒಂದು ಮಧ್ಯಾಹ್ನ ಮಾತಾಡಿದೆ. ಅವಳು ಒಪ್ಪಲಿಲ್ಲ. "ಸರ್, ನಾನು ಆಮೇಲೆ ಎಲ್ಲರಿಗೂ ಹೇಳ್ತೀನಿ, ಕ್ಷಮೆ ಕೇಳ್ತೀನಿ" ಅಂದ್ಲು. ಆಗ ನಾನು ಅವಳಿಗೆ ಪೇಪರಿನ ಕೊನೆ ಭಾಗ ಓದಿಸಿದೆ, ಯಾರೂ ಪ್ರಸಂಗದಲ್ಲಿ ಹೇಳದೇ ಇರೋ ಭಾಗ.

ನಿಲ್ಲದೇ ಹೋದ ಎಷ್ಟೋ ಜನ ಆ ಕಡೆ ಬಿಲ್ಡಿಂಗ್ ಮುಟ್ಟಿದಾಗ ಕಳವಳದಲ್ಲಿದ್ರು. ಆಮೇಲೆ ಕೂರಿಸಿ ಮಾತಾಡಿಸಿದಾಗ ಕೆಲವರು, ಅವಸರದಲ್ಲಿ ಅದು ಸಹಾಯ ಬೇಕಾದ ಸಂದರ್ಭ ಅಂತಾನೇ ತಲೆಗೆ ಹೋಗಲಿಲ್ಲ ಅಂದ್ರು. ಇನ್ನು ಕೆಲವರ ವಿಷಯ ಬೇರೆ, ಅವರಿಗೆ ಕಂಡಿತ್ತು, ಅರ್ಥವೂ ಆಗಿತ್ತು, ಆದ್ರೆ ಅಲ್ಲಿ ಇನ್ನೊಬ್ಬರು ತಮ್ಮನ್ನೇ ನಂಬಿ ಕಾಯ್ತಿದಾರೆ, ತಡ ಮಾಡಿದ್ರೆ ಅವರ ಕೆಲಸ ಕೆಡುತ್ತೆ. ಹಾಗಾಗಿ ಇದನ್ನ ಕಲ್ಲು ಮನಸ್ಸು ಅನ್ನೋಕಾಗಲ್ಲ, ಎರಡು ಕಡೆ ಎಳೆದಾಟ ಅನ್ನಬೇಕು ಅಂತ ಡಾರ್ಲಿ ಬ್ಯಾಟ್ಸನ್ನೇ ಬರೀತಾರೆ.

ಸೊನ್ನೆಯಿಂದ ಐದರ ಅಂಕದಲ್ಲಿ ಈ ಮಾತು ಎಲ್ಲೂ ಇಲ್ಲ. ಕಲ್ಲು ಮನಸ್ಸಿನವನಿಗೂ ಒಂದೇ ಅಂಕ, ಇನ್ನೊಬ್ಬರಿಗೋಸ್ಕರ ಓಡಿ ಒಳಗೊಳಗೇ ಬೇಯ್ತಿದ್ದವನಿಗೂ ಒಂದೇ ಅಂಕ. ಅದು ಗೊತ್ತಾಗಿದ್ದು ಕೇಳಿದ್ದಕ್ಕೆ. ಇಡೀ ನಾಟಕ ಕಟ್ಟಿ, ಅಂಕ ಹಾಕಿ, ಲೆಕ್ಕ ತೆಗೆದ ಮೇಲೆ ಅದರ ಅರ್ಥ ಏನು ಅಂತ ತಿಳಿಯೋಕೆ ಕೊನೆಗೆ ಮನುಷ್ಯನ ಮುಂದೆ ಕೂತು ಕೇಳಲೇಬೇಕಾಯ್ತು. ನನಗೆ ದೇವಜ್ಞಾನ ಮೆಥಡ್‌ಗೆ ಮುಟ್ಟೋ ಜಾಗ ಇದು ಅನಿಸುತ್ತೆ, ಸುಳ್ಳಿನ ಪ್ರಶ್ನೆಗಿಂತ ಹೆಚ್ಚಾಗಿ. ನಮ್ಮ ನಂಬಿಕೆ ಪ್ರಕಾರ ಮನುಷ್ಯ ತಳ್ಳಿದ ಕಡೆ ಉರುಳೋ ಗುಂಡಲ್ಲ, ಆದಾಮನನ್ನ ದೇವರೇ ಮೊದಲು ಕೇಳಿದ್ದು ಎಲ್ಲಿದ್ದೀ ಅಂತ, ಎಲ್ಲಾ ಗೊತ್ತಿದ್ದೂ ಕೇಳಿದ. ಮನುಷ್ಯ ತನ್ನ ನಡತೆಗೆ ತಾನೇ ಉತ್ತರ ಕೊಡಬಲ್ಲವನು ಅಂತ ನಾನು ನಂಬೋದಾದ್ರೆ, ಅವನ ಉತ್ತರ ಕೇಳದೇ ಇರೋ ಮೆಥಡ್ ನನ್ನ ನಂಬಿಕೆಗೆ ಒಗ್ಗಲ್ಲ. ನಡತೆ ಅಳೆಯಬಾರದು ಅಂತಲ್ಲ, ಬರೀ ಅಳೆದು ಎದ್ದು ಹೋಗಬಾರದು ಅಂತ.

ಇನ್ನೊಂದು ವಿಷಯ ಅವಳೇ ಹಿಡಿದ್ಲು, ನನಗೆ ಹೊಳೆದಿರಲಿಲ್ಲ. "ಸರ್, ಇದರಲ್ಲಿ ಸಮಾರ್ಯದವನೇ ಇಲ್ಲ" ಅಂದ್ಲು. ನಿಜ. ಪ್ರಯೋಗಕ್ಕೆ ಬಂದವರೆಲ್ಲಾ ಸೆಮಿನರಿಯವರು, ಸಾಮ್ಯದ ಲೆಕ್ಕದಲ್ಲಿ ಯಾಜಕ ಲೇವಿಯರು ಮಾತ್ರ. ಯೇಸು ಆ ಕಥೆ ಹೇಳಿದ್ದು ಯೆಹೂದ್ಯರು ಮುಟ್ಟಿಸಿಕೊಳ್ಳದ ಜಾತಿಯವನನ್ನ ನಡುವೆ ತಂದು ನಿಲ್ಲಿಸೋಕೆ. ನನ್ನ ನೆರೆಯವನು ಯಾರು ಅಂತ ಕೇಳಿದ ಶಾಸ್ತ್ರಿಗೆ, ಮೂವರಲ್ಲಿ ಯಾರು ನೆರೆಯವನಾದ ಅಂತ ಪ್ರಶ್ನೆಯನ್ನೇ ತಿರುಗಿಸಿದ್ದು. ನಮ್ಮೂರಲ್ಲಿ ಹೇಳಬೇಕು ಅಂದ್ರೆ ಬಿದ್ದವನ ಬಾಯಿಗೆ ನೀರು ಹಾಕಿದವನು ಯಾವ ಕೇರಿಯವನು ಅನ್ನೋದೇ ಆ ಕಥೆ. ಹಾಗಿದ್ರೆ ಸಭೆಯವರನ್ನ ಮಾತ್ರ ಗೇಟಿನ ಹತ್ರ ಎಣಿಸಿದ್ರೆ ಕಥೆಯ ಅರ್ಧ ಹೊರಗೇ ಉಳಿಯುತ್ತೆ.

ಕೊನೆಗೆ ಅವಳ ಮನಸ್ಸು ತಿರುಗಿದ್ದು ಈ ಯಾವ ವಾದಕ್ಕೂ ಅಲ್ಲ. ರಜೆಗೆ ಊರಿಗೆ ಹೋದವಳು ಆ ಗೇಟಿನ ಹತ್ರ ಒಂದು ಭಾನುವಾರ ನಿಂತು ನೋಡಿದ್ಲು. ಅಲ್ಲಿ ಪ್ರತಿ ವಾರ ಕೂರೋ ಒಬ್ಬ ಅಜ್ಜ ಇದಾರೆ, ಆರಾಧನೆ ಬಿಟ್ಟ ಮೇಲೆ ಒಂದಿಷ್ಟು ಚಿಲ್ಲರೆ, ಹಬ್ಬದ ದಿನ ಊಟ. ನಾಟಕದ ಹುಡುಗ ಅಲ್ಲಿ ಬಿದ್ದು, ಆಮೇಲೆ ಅದು ಕಾಲೇಜಿನವರ ಪರೀಕ್ಷೆ ಅಂತ ಎಲ್ಲರಿಗೂ ಹೇಳಿ ಆದ ಮೇಲೆ, ಈ ಅಜ್ಜ ಒಂದಿನ ನಿಜವಾಗ್ಲೂ ಬಿದ್ರೆ? ಯಾರಾದ್ರೂ ಇವರೂ ಪರೀಕ್ಷೆ ಮಾಡ್ತಿರಬೇಕು ಅಂತ ಅಂದ್ಕೊಂಡ್ರೆ? ಪ್ರಿನ್ಸ್‌ಟನ್‌ನಲ್ಲೂ 47ರಲ್ಲಿ ನಾಲ್ಕು ಜನಕ್ಕೆ ಅನುಮಾನ ಬಂದಿತ್ತಲ್ಲ. ಅಲ್ಲಿ ಅದು ಡೇಟಾ ಬಿಡೋ ಕಾರಣ ಆಯ್ತು, ಇಲ್ಲಿ ಒಬ್ಬ ಮುದುಕರ ಜೀವದ ಪ್ರಶ್ನೆ. ವಾಪಸ್ ಬಂದು ಆ ಪೇಜನ್ನ ತಾನೇ ಹರಿದು ಹಾಕಿದ್ಲು.

ಆಮೇಲೆ ಏನು ಮಾಡೋದು. ಪ್ರಶ್ನಾವಳಿ ಅಂತ ಯೋಚನೆ ಮಾಡಿದ್ವಿ, ಕಷ್ಟದಲ್ಲಿರೋರಿಗೆ ಸಹಾಯ ಮಾಡ್ತೀರಾ ಅಂತ ಬರೆದು ಯಾವಾಗಲೂ, ಕೆಲವೊಮ್ಮೆ ಅಂತ ಕೊಟ್ರೆ ಎಲ್ಲರೂ ಯಾವಾಗಲೂ ಅಂತ ಟಿಕ್ ಮಾಡಿ ಕೊಡ್ತಾರೆ, ಅದು ಸಂಶೋಧನೆ ಆಗಲ್ಲ. 1954ರಲ್ಲಿ ಜಾನ್ ಫ್ಲ್ಯಾನಗನ್ ಅನ್ನೋವರು ಬರೆದಿಟ್ಟ ಒಂದು ದಾರಿ ಇದೆ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯ ಜೊತೆ ಕೆಲಸ ಮಾಡಿ ಕಂಡುಕೊಂಡಿದ್ದು, ನೀವು ಸಾಮಾನ್ಯವಾಗಿ ಏನು ಮಾಡ್ತೀರಿ ಅಂತ ಕೇಳದೇ, ನಡೆದ ಒಂದೇ ಒಂದು ಘಟನೆ ಹಿಡ್ಕೊಂಡು ಎಲ್ಲಿ, ಯಾವಾಗ, ಯಾರಿದ್ರು, ಆಮೇಲೆ ಏನಾಯ್ತು ಅಂತ ಬಿಡಿಬಿಡಿಯಾಗಿ ಕೇಳೋದು. ಅದನ್ನ ತಗೊಂಡ್ವಿ. ನಿಂತ ಘಟನೆ ಒಂದು, ನಿಲ್ಲದೇ ಹೋದ ಘಟನೆ ಒಂದು. "ಜನ ಸುಳ್ಳು ಹೇಳಿದ್ರೆ ಸರ್?" ಅಂತ ಕೇಳಿದ್ಲು. ಹೇಳ್ತಾರೆ, ಮರೆತೂ ಇರ್ತಾರೆ. ಎಷ್ಟು ಜನ ನಿಲ್ತಾರೆ ಅನ್ನೋ ಪ್ರಶ್ನೆಗೆ ಈ ಮೆಥಡ್ ಉತ್ತರ ಕೊಡಲ್ಲ, ಅದನ್ನ ಬಿಟ್ಟುಕೊಡಬೇಕು ಅಂತ ನೇರವಾಗಿ ಹೇಳ್ದೆ. ಥೀಸಿಸ್‌ನ ಪ್ರಶ್ನೆಯನ್ನೇ ಬದಲಾಯಿಸಿದ್ವಿ, ನಿಂತಾಗ ಮತ್ತೆ ನಿಲ್ಲದಾಗ ಮನಸ್ಸಲ್ಲಿ ಏನು ನಡೀತು, ಕೇಳಿದ ವಾಕ್ಯ ಅಲ್ಲಿ ಎಲ್ಲಾದ್ರೂ ಬಂತಾ ಅಂತ. ಸಭೆಯವರ ಜೊತೆಗೆ ಬೇರೆ ಕೇರಿ, ಬೇರೆ ಧರ್ಮದವರು ಕೆಲವರನ್ನೂ ಸೇರಿಸಿದ್ವಿ.

ಮೊದಲ ಕೆಲವು ಸಂದರ್ಶನ ಪೂರ್ತಿ ಹಾಳಾದ್ವು. ಸಭಾಪಾಲಕರು ಪ್ರೀತಿಯಿಂದ ಚರ್ಚಿನ ಒಳಗಿನ ವೆಸ್ಟ್ರಿ ರೂಮ್ ಕೊಟ್ಟು, ಅವರೇ ಹೆಸರು ಕರೆದು ಕರೆದು ಕಳಿಸಿ, ಪಕ್ಕದ ಕುರ್ಚೀಲಿ ಕೂತೂ ಬಿಟ್ರು. ಪ್ರತಿಯೊಬ್ಬರೂ ದೇವರ ಕೃಪೆಯಿಂದ ನಿಲ್ತೀನಿ ಅಂದ್ರು. ಹಿಟ್ಲರನನ್ನ ವಿರೋಧಿಸಿದ ಜರ್ಮನ್ ಪಾಸ್ಟರ್ ಬಾನ್‌ಹಾಫರ್ ಜೈಲಲ್ಲಿದ್ದಾಗ ಬರೆದ ಒಂದು ಉದಾಹರಣೆಯನ್ನ ಅವತ್ತು ಸಂಜೆ ಫೋನಲ್ಲಿ ಅವಳಿಗೆ ಹೇಳ್ದೆ: ಮೇಷ್ಟ್ರು ಇಡೀ ಕ್ಲಾಸ್ ಎದುರು ಒಬ್ಬ ಹುಡುಗನನ್ನ ನಿಮ್ಮಪ್ಪ ಕುಡಿದು ಬರ್ತಾನಂತೆ ಹೌದಾ ಅಂತ ಕೇಳ್ತಾರೆ, ಅದು ನಿಜವೇ, ಆದ್ರೂ ಹುಡುಗ ಇಲ್ಲ ಅಂತಾನೆ. ಬಾನ್‌ಹಾಫರ್ ತಪ್ಪನ್ನ ಹುಡುಗನ ಮೇಲೆ ಹಾಕಲ್ಲ, ಕೇಳಬಾರದ ಕಡೆ ಕೇಳಬಾರದ್ದನ್ನ ಕೇಳಿದ ಮೇಷ್ಟ್ರ ಮೇಲೆ ಹಾಕ್ತಾರೆ. ಸುಳ್ಳು ಬಿಡಬೇಕು ಅಂತ ನಾಟಕ ಬಿಟ್ಟ ನಾವು, ಪಾಸ್ಟರ್ ಎದುರು ಜನರನ್ನ ಕೂರಿಸಿ ಅವರಿಂದ ಸುಳ್ಳು ಹೇಳಿಸ್ತಿದ್ವಿ. ಅವರ ಪರ್ಮಿಷನ್ ಅಂದ್ರೆ ಗೇಟು ತೆಗೆದ ಹಾಗೆ ಅಷ್ಟೇ, ಒಳಗಿರೋರ ಒಪ್ಪಿಗೆ ಅಲ್ಲ ಅನ್ನೋದು ಪುಸ್ತಕದಲ್ಲಿ ಓದಿದ್ದು ಅವತ್ತು ಅರ್ಥ ಆಯ್ತು. ಅವಳು ಹೋಗಿ ಅವರಿಗೆ ವಿವರಿಸಿದ್ಲು, ಅವರು ಒಂದು ಕ್ಷಣ ಸುಮ್ಮನಿದ್ದು ಒಪ್ಪಿಕೊಂಡ್ರು. ಆಮೇಲೆಲ್ಲಾ ಮನೆ, ಅಂಗಡಿ, 10 ನಿಮಿಷ ಬಿಡುವಿದ್ರೆ ಆಟೋ ಸ್ಟ್ಯಾಂಡ್. ಸಹಿ ಅಂದ್ರೆ ವಯಸ್ಸಾದವರು ಹೆದರ್ತಾರೆ ಅಂತ ಒಪ್ಪಿಗೆ ಮಾತನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ಲು, ಬೇಡ ಅಂದ್ರೆ ಯಾವಾಗ ಬೇಕಾದ್ರೂ ಅಳಿಸ್ತೀನಿ ಅಂತ ಹೇಳಿ.

ಆಗ ಮಾತು ಬಂತು. ಆಕ್ಸಿಡೆಂಟ್ ಆದವರ ಹತ್ರ ಯಾಕೆ ನಿಲ್ಲಲಿಲ್ಲ ಅಂದ್ರೆ ಮತ್ತೆ ಮತ್ತೆ ಬಂದ ಕಾರಣ ಪೊಲೀಸು, ಸಾಕ್ಷಿ, ಕೋರ್ಟಿನ ಅಲೆದಾಟ. ಇಂಥವರಿಗೆ ರಕ್ಷಣೆ ಕೊಡೋಕೆ ಅಂತಾನೇ ಕರ್ನಾಟಕದಲ್ಲಿ 2016ರ ಕಾಯ್ದೆ ಇದೆ, 2018ರಲ್ಲಿ ರಾಷ್ಟ್ರಪತಿ ಅಂಕಿತ ಆಯ್ತು, 2019ರ ತಿದ್ದುಪಡಿಯಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ ಅದು ಸೇರ್ತು, ಮತ್ತೆ ಆ ಕಾನೂನಲ್ಲೂ ಸಹಾಯ ಮಾಡಿದವನಿಗೆ ಸಮಾರ್ಯದವನ ಹೆಸರೇ ಇಟ್ಟಿದಾರೆ. ಅವಳು ಮಾತಾಡಿಸಿದವರಲ್ಲಿ ಅದು ಗೊತ್ತಿದ್ದವರು ತೀರಾ ಕಮ್ಮಿ. ಪ್ರಸಂಗದಲ್ಲಿ ಒಂದು ವಾಕ್ಯ ಈ ಕಾನೂನಿನ ಬಗ್ಗೆ ಹೇಳಿದ್ರೂ ಸಾಕಿತ್ತೇನೋ ಅಂತ ಅವಳು ಥೀಸಿಸ್‌ನಲ್ಲಿ ಬರೆದ್ಲು, ಗೇಟಿನ ಹತ್ರ ಟಿಕ್ ಹಾಕ್ತಾ ಕೂತಿದ್ರೆ ಇದು ಗೊತ್ತಾಗ್ತಿರಲಿಲ್ಲ.

ಒಬ್ಬ ಆಟೋದವರು. ಬೈಪಾಸ್ ಹತ್ರ ಬೈಕಿಂದ ಬಿದ್ದವನನ್ನ ನೋಡಿಯೂ ನಿಲ್ಲಿಸದೆ ಹೋದ ದಿನದ ಬಗ್ಗೆ ಹೇಳಿದ್ರು. "ಕಂಡ್ನಿರೀ ಅಕ್ಕಾರ, ಛಲೋತಂಗ ಕಂಡ್ನಿ. ಹಿಂದ ನಮ್ಮವ್ವ ಕುಂತಿದ್ಲು, ಡಯಾಲಿಸಿಸ್ ಟೈಮ್ ಆಗಿತ್ತು, ಅದು ತಪ್ಪಿದ್ರ ಮತ್ತ ಎರಡು ದಿನ ಆಕಿ ಉಸಿರು ಹಿಡಕೊಂಡು ಕುಂದರಬೇಕು. ಆಕಿನೂ ನೋಡಿದ್ಲು. ಇಬ್ರೂ ಮಾತಾಡ್ಲಿಲ್ಲ. ಆಸ್ಪತ್ರಿ ಮುಟ್ಟೂತನಕ ಮಾತಾಡ್ಲಿಲ್ರೀ." ಪ್ರಿನ್ಸ್‌ಟನ್ ಲೆಕ್ಕದಲ್ಲಿ ಇವರಿಗೆ ಒಂದು ಅಂಕ. ಆ ರೆಕಾರ್ಡಿಂಗ್ ನಾನೂ ಕೇಳಿದೆ, ಕೊನೆಯ ಮಾತಾದ ಮೇಲೆ ತುಂಬಾ ಹೊತ್ತು ಬರೀ ರೋಡಿನ ಸದ್ದಿದೆ.

ಎಲ್ಲಾ ಮುಗಿದ ಮೇಲೆ, ಬರೆದದ್ದನ್ನ ಹೇಳಿದವರಿಗೇ ಓದಿ ಹೇಳಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ವಿ. ಅವಳು ಆಟೋ ಸ್ಟ್ಯಾಂಡಿಗೆ ಹೋಗಿ, ಅವರು ಚಹಾ ತರಿಸಿ, ಆಟೋದ ಹಿಂದಿನ ಸೀಟಲ್ಲೇ ಕೂತು ಆ ಎರಡು ಪೇಜ್ ಓದಿದ್ಲು. ಅವರು ಪೂರ್ತಿ ಕೇಳಿದ್ರು. ಅವಳು "ನಿಲ್ಲಿಸದೆ ಓಡಿ ಹೋದರು" ಅಂತ ಬರೆದಿದ್ಲು. "ಓಡಿ ಹೋಗಲಿಲ್ರೀ ನಾ" ಅಂದ್ರು, "ನಿಧಾನ ಮಾಡಿದ್ನಿ, ಆಮ್ಯಾಗ ಹ್ವಾದ್ನಿ. ಅದನ್ನ ಹಾಕ್ರಿ." ಅವಳು ಅಲ್ಲೇ ಪೆನ್ನು ತೆಗೆದು ಆ ಸಾಲನ್ನ ಹೊಡೆದು, ನಿಧಾನ ಮಾಡಿದರು, ಆಮೇಲೆ ಹೋದರು ಅಂತ ಬರೆದು ಅವರಿಗೆ ತೋರಿಸಿದ್ಲು.